ಇಂಟರ್ವಲ್ ಕ್ಲಾಸಿಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಕಲಬುರಗಿಯಲ್ಲಿ ಸಂಗೀತದ ಕೀಬೋರ್ಡ್ ಕಲಿಯುವವರು, ಮಕ್ಕಳನ್ನು ಕಲಿಯಲು ಕಳಿಸುವವರು ಓದಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನಾನು ನಾಲ್ಕೂವರೆ ಸಾವಿರ ರೂಪಾಯಿ, ಒಂದು ಇಡೀ ಬೇಸಿಗೆ ರಜೆ, ಜೊತೆಗೆ ಬಲಗೈ ಹೆಬ್ಬೆರಳು ಕಳೆದುಕೊಂಡೆ. ಹೆಬ್ಬೆರಳು ವಾಪಸ್ ಬಂತು. ಉಳಿದೆರಡು ಬರಲಿಲ್ಲ.

ಕ್ಲಾಸಿನ ಹೆಸರು ಹೇಳುವುದಿಲ್ಲ. ಇಂಥದ್ದು ಅದೊಂದೇ ಅಲ್ಲ ಅಂತ ಆಮೇಲೆ ನಾಲ್ಕು ಜನರ ಹತ್ತಿರ ಮಾತಾಡಿದಾಗ ಗೊತ್ತಾಯಿತು.

ನಾನು ಹೈಸ್ಕೂಲ್ ಟೀಚರ್. ಚಿಕ್ಕವಳಿದ್ದಾಗ ಕಾಕಾನ ಹಾರ್ಮೋನಿಯಂ ಮೇಲೆ ಸ್ವಲ್ಪ ಸರಿಗಮ ನುಡಿಸಿದ್ದು ಬಿಟ್ಟರೆ ಬೇರೆ ಸಂಗೀತ ಬರುತ್ತಿರಲಿಲ್ಲ. ಮಗಳಿಗೆ ಅಂತ 61 ಕೀಗಳ ಕೀಬೋರ್ಡ್ ತಂದೆವು. ಅವಳು ಎರಡು ವಾರ ಕೂತಳು, ಆಮೇಲೆ ನಾನೇ ಕೂತೆ. ನನ್ನ ಆಸೆ ಸಣ್ಣದು. ಯಾರಾದರೂ ಹಾಡಿದರೆ ಕೇಳಿಕೊಂಡು ಹಾಗೇ ನುಡಿಸಬೇಕು. ಅದಕ್ಕೆ ಇಂಟರ್ವಲ್ ಗುರುತಿಸುವುದು ಬರಬೇಕು ಅಂತ ಕ್ಲಾಸಿನ ಸರ್ ಹೇಳಿದರು. ಆ ಮಾತು ಸರಿಯೇ.

ಇಂಟರ್ವಲ್ ಅಂದರೆ ಎರಡು ಸ್ವರಗಳ ನಡುವಿನ ದೂರ. ಕೀಬೋರ್ಡಿನಲ್ಲಿ ಒಂದು ಕೀಯಿಂದ ಅದರ ಪಕ್ಕದ ಕೀಗೆ, ಅದು ಬಿಳಿ ಇರಲಿ ಕಪ್ಪು ಇರಲಿ, ಒಂದು ಸೆಮಿಟೋನ್. ನಮ್ಮ ಲೆಕ್ಕದಲ್ಲಿ ಸ ಇಂದ ಕೋಮಲ ಗ 3 ಸೆಮಿಟೋನ್, ಅದು ಮೈನರ್ ಥರ್ಡ್. ಶುದ್ಧ ಗ 4, ಮೇಜರ್ ಥರ್ಡ್. ಶುದ್ಧ ಮ 5, ಪರ್ಫೆಕ್ಟ್ ಫೋರ್ತ್. ಪ 7, ಪರ್ಫೆಕ್ಟ್ ಫಿಫ್ತ್. ಮೇಲಿನ ಸ 12, ಆಕ್ಟೇವ್. ಇಷ್ಟು ತಿಳಿಯಲು ಕ್ಲಾಸೇ ಬೇಕಿಲ್ಲ. ಕಷ್ಟ ಇರುವುದು ಕಿವಿಗೆ ಕೂರಿಸುವುದರಲ್ಲಿ.

ಸರ್ ಹೇಳಿದ್ದು, "40 ದಿನ ಮೇಡಂ, ಕಿವಿ ಪಕ್ಕಾ." ಒಂದು ಹಾಳೆ ಕೊಟ್ಟರು. ಮಿಡಲ್ ಸಿ, ಅಂದರೆ ಕೀಬೋರ್ಡಿನ ನಡುವಿನ ಸಿ ಕೀ, ಅಲ್ಲಿಂದ ಶುರು. ಮೊದಲು 1 ಸೆಮಿಟೋನ್, ಹೆಸರು ಜೋರಾಗಿ ಹೇಳಬೇಕು, ನುಡಿಸಬೇಕು, 20 ಸಲ. ಆಮೇಲೆ 2 ಸೆಮಿಟೋನ್, 20 ಸಲ. ಹೀಗೆ 12ರವರೆಗೆ. ಬಲಗೈಯಲ್ಲಿ 240, ಎಡಗೈಯಲ್ಲಿ 240. ದಿನಾ ಇದೇ.

ಏಪ್ರಿಲ್-ಮೇ ತಿಂಗಳ ಕಲಬುರಗಿ ನಿಮಗೆ ಗೊತ್ತಲ್ಲ. 42 ಡಿಗ್ರಿಯಲ್ಲಿ, ಫ್ಯಾನ್ ಗಾಳಿಗೆ ಹಾಳೆ ಹಾರದ ಹಾಗೆ ಮೇಲೆ ಬಟ್ಟಲಿಟ್ಟುಕೊಂಡು, ಮೇಜರ್ ಸೆಕೆಂಡ್, ಮೇಜರ್ ಸೆಕೆಂಡ್ ಅಂತ ಕೂಗುತ್ತಿದ್ದೆ. ಪಕ್ಕದ ಮನೆಯವರು ಪಾಪ ಏನೂ ಅನ್ನಲಿಲ್ಲ. ನನಗೂ ಖುಷಿ ಇತ್ತು. ಹದಿನೈದನೇ ದಿನಕ್ಕೆ ಹಾಳೆ ನೋಡದೇ ನುಡಿಸುತ್ತಿದ್ದೆ. ಮೂವತ್ತನೇ ದಿನಕ್ಕೆ ಟಿವಿ ನೋಡುತ್ತಾ ನುಡಿಸುತ್ತಿದ್ದೆ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಟಿವಿಯ ಗಲಾಟೆಯಲ್ಲೂ ಕಿವಿ ಕಲಿಯುತ್ತಿದೆ ಅಂದರೆ, ಅದು ಏನು ಕಲಿಯುತ್ತಿತ್ತು?

ಕೊನೇ ದಿನ ಟೆಸ್ಟ್ ಆಯಿತು. ಸರ್ ನುಡಿಸಿದರು, ನಾನು ಹೆಸರು ಹೇಳಿದೆ. ಹನ್ನೆರಡಕ್ಕೆ ಹನ್ನೆರಡು. ಸರ್ಟಿಫಿಕೇಟ್ ಕೊಟ್ಟರು, ಫೋಟೋ ತೆಗೆದರು. ಮನೆಗೆ ಬರುವಾಗ ಸೂಪರ್ ಮಾರ್ಕೆಟ್ ಹತ್ತಿರ ಇಳಿದು ಒಂದು ಕೆಜಿ ಪೇಡೆ ತಂದೆ. ಆ ಟೆಸ್ಟಿನಲ್ಲೂ ಸರ್ ನುಡಿಸಿದ್ದು ಮಿಡಲ್ ಸಿ ಇಂದ, ಹಾಳೆಯಲ್ಲಿದ್ದ ಅದೇ ಸರದಿಯಲ್ಲಿ ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದರೂ ಹನ್ನೆರಡಕ್ಕೆ ಹನ್ನೆರಡೇ ಬರುತ್ತಿತ್ತು.

ಶ್ರಾವಣ ಬಂತು. ನಮ್ಮ ಓಣಿಯ ಗುಡಿಯಲ್ಲಿ ಪ್ರತಿ ಸೋಮವಾರ ಭಜನೆ. ಕಾಕಾ ಅಲ್ಲಿ ಮೂವತ್ತು ವರ್ಷದಿಂದ ಹಾರ್ಮೋನಿಯಂ ನುಡಿಸುತ್ತಾರೆ. ಆ ಸೋಮವಾರ ಅವರ ಕೈಗೆ ಏನೋ ಸೂಜಿ ಚುಚ್ಚಿಸಿಕೊಂಡು ಬಂದಿದ್ದರು. "ಸರ್ಟಿಫಿಕೇಟ್ ತಂದೀ ಅಲ್ಲ, ಕೂಡು" ಅಂತ ಪೆಟ್ಟಿಗೆ ನನ್ನ ಕಡೆ ತಳ್ಳಿದರು.

ಹಾಡುವವರು ಕರಿ ಎರಡರಲ್ಲಿ ಹಾಡುತ್ತಾರೆ, ಅಂದರೆ ಎರಡನೇ ಕಪ್ಪು ಕೀ ಅವರ ಸ. ಭಜನೆ ಬಲ್ಲವರಿಗೆ ಗೊತ್ತು. ಬಿಳಿ ಒಂದು ಅಂದರೆ ಸಿ, ಕರಿ ಎರಡು ಅಂದರೆ ಡಿ ಶಾರ್ಪ್. ಸ ಸಿಕ್ಕಿತು. ಮುಂದೆ ಪ ಹಿಡಿಯಬೇಕು. ಸಿ ಇಂದ ಪ ಅಂದರೆ ನನ್ನ ಕೈಗೆ ನಿದ್ದೆಯಲ್ಲೂ ಗೊತ್ತು, ಐದನೇ ಬಿಳಿ. ಡಿ ಶಾರ್ಪ್ ಇಂದ? ಕರಿ ಐದು, ಎ ಶಾರ್ಪ್. ಕೈ ಅಲ್ಲಿಗೆ ಹೋಗಲಿಲ್ಲ. ಬಿಳಿ ಆರಕ್ಕೆ ಹೋಗಿ ಬಿತ್ತು. ಅದು 6 ಸೆಮಿಟೋನ್, ತೀವ್ರ ಮ. ಎಲ್ಲರೂ ತನ್ಮಯರಾಗಿ ಪಂಚಮದ ಮೇಲೆ ನಿಂತಿದ್ದಾರೆ, ನಾನು ತೀವ್ರ ಮಧ್ಯಮ ಒತ್ತಿ ಹಿಡಿದಿದ್ದೇನೆ. ತಬಲಾದವನು ತಲೆ ಎತ್ತಿ ನೋಡಿದ. ಗಾಬರಿಯಲ್ಲಿ ಇನ್ನೊಂದು ಒತ್ತಿದೆ, ಅದೂ ತಪ್ಪು. ಕಾಕಾ ಮೆಲ್ಲಗೆ ಬಗ್ಗಿ, "ಯಾಕವಾ, ಕೈ ಒಂದ್ ಕಡಿ ಹಾಡು ಒಂದ್ ಕಡಿ ಹೊಂಟದಲ್ಲ?" ಅಂದರು. ಆಮೇಲೆ ನೋಯುವ ಕೈಯಲ್ಲೇ ಅವರು ನುಡಿಸಿದರು. ನಾನು ತಾಳ ಹಿಡಿದು ಹಿಂದೆ ಕೂತೆ.

ಮರುದಿನ ಸರ್‌ಗೆ ಫೋನ್ ಮಾಡಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಬಟನ್ ಇದೆಯಲ್ಲ ಮೇಡಂ, ಯಾವ ಶ್ರುತಿ ಬೇಕೋ ಅದಕ್ಕೆ ಏರಿಸಿಕೊಳ್ಳಿ. ಕೈ ಸಿ ಅಲ್ಲೇ ಇರಲಿ. ಎಲ್ಲಾ ಸ್ಕೇಲ್ ಯಾಕೆ ಕಲೀಬೇಕು?" ಅಂದರು. ಕೇಳಲು ಎಷ್ಟು ಚೆನ್ನಾಗಿದೆ ನೋಡಿ. ಬಟನ್ ಒತ್ತಿದರೆ ಸಿ ಕೀ ಒತ್ತಿದಾಗ ಡಿ ಶಾರ್ಪ್ ನುಡಿಯುತ್ತದೆ, ನಿಜ. ಆದರೆ ಗುಡಿಯ ಪೆಟ್ಟಿಗೆಗೆ ಬಟನ್ ಇಲ್ಲ. ನಿಜವಾದ ಪಿಯಾನೋದ 88 ಕೀಗಳಲ್ಲೂ ಆ ಬಟನ್ ಇಲ್ಲ. ನನ್ನ ಕಿವಿಗಂತೂ ಇಲ್ಲವೇ ಇಲ್ಲ. ದುಡ್ಡು ವಾಪಸ್ ಕೇಳಿದೆ. "ಕೋರ್ಸ್ ಮುಗಿದಿದೆ, ಟೆಸ್ಟ್ ಪಾಸಾಗಿದ್ದೀರಿ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ರಾತ್ರಿ ಮಗಳನ್ನು ಕೀಬೋರ್ಡ್ ಮುಂದೆ ಕೂರಿಸಿ, ನಾನು ಗೋಡೆ ಕಡೆ ಮುಖ ಮಾಡಿ ಕೂತೆ. ಎಲ್ಲಿಂದ ಬೇಕಾದರೂ ನುಡಿಸು, ಹಿಂದೆ ಮುಂದೆ ಮಾಡಿ ನುಡಿಸು ಅಂದೆ. ಹನ್ನೆರಡರಲ್ಲಿ ನಾಲ್ಕು ಸರಿ. ಅದರಲ್ಲೂ ಒಂದು ಆಕ್ಟೇವ್, ಅದು ಯಾರಿಗಾದರೂ ಗೊತ್ತಾಗುತ್ತದೆ. ನಾನು ಬಾಯಲ್ಲೇ ಗುನುಗುತ್ತಾ ಬೆರಳು ಮಡಚುತ್ತಿದ್ದದ್ದನ್ನು ನೋಡಿ ಅವಳು, "ಮಮ್ಮಿ, ನೀ ಕೇಳ್ಲಾಕತ್ತಿಲ್ಲ, ಎಣಸ್ಲಾಕತ್ತಿ" ಅಂದಳು. ನಾಲ್ಕೂವರೆ ಸಾವಿರ ಕೊಟ್ಟರೂ ಯಾರೂ ಹೇಳದ ಮಾತನ್ನು ಎಂಟನೇ ಕ್ಲಾಸಿನ ಹುಡುಗಿ ಹೇಳಿದಳು.

ಕೆಳಗೆ ಇಳಿಯುವ ಇಂಟರ್ವಲ್ಲುಗಳಲ್ಲಂತೂ ಒಂದೂ ಸರಿ ಬರಲಿಲ್ಲ. ನಮ್ಮ ಹಾಳೆಯಲ್ಲಿ ಇಳಿಯುವುದು ಇರಲೇ ಇಲ್ಲ. ಸಿ ಇಂದ ಮೇಲಿನ ಎಫ್‌ಗೆ ಹೋದರೆ ಫೋರ್ತ್, 5 ಸೆಮಿಟೋನ್. ಅದೇ ಸಿ ಇಂದ ಕೆಳಗಿನ ಎಫ್‌ಗೆ ಇಳಿದರೆ ಫಿಫ್ತ್, 7 ಸೆಮಿಟೋನ್. ಹೆಸರು ಅದೇ ಎಫ್, ದೂರ ಬೇರೆ. ಎರಡೂ ಸೇರಿದರೆ 12. ಹಾಗೇ ಮೇಲಿನ ಇ ಮೇಜರ್ ಥರ್ಡ್, ಕೆಳಗಿನ ಇ ಮೈನರ್ ಸಿಕ್ಸ್ತ್, 4 ಮತ್ತು 8. ಹಾಡು ಅಂದ ಮೇಲೆ ಹತ್ತುವಷ್ಟೇ ಇಳಿಯುತ್ತದೆ ಅಲ್ವಾ? ಬರೀ ಹತ್ತುವುದನ್ನು ಕಲಿಸಿದರೆ ಮೇಲೆ ಹೋದವರು ಅಲ್ಲೇ ಕೂತಿರಬೇಕಾಗುತ್ತದೆ.

ಇನ್ನೊಂದು ಹಳ್ಳ ಇದೆ, ಅದರಲ್ಲಿ ಸರಿಗಮ ಬಲ್ಲ ನಮ್ಮಂಥವರೇ ಜಾಸ್ತಿ ಬೀಳುತ್ತೇವೆ. ನಾವು ಎಲ್ಲವನ್ನೂ ಸ ಇಂದ ಅಳೆಯುತ್ತೇವೆ. ಭೂಪ್ ರಾಗ ತೆಗೆದುಕೊಳ್ಳಿ. ಸ ರೆ ಗ ಪ ಧ, ಒಂದೂ ಕೋಮಲ ಸ್ವರ ಇಲ್ಲ. ಆದರೆ ಗ ಇಂದ ಪ ಎಷ್ಟು ದೂರ? 3 ಸೆಮಿಟೋನ್, ಅಂದರೆ ಮೈನರ್ ಥರ್ಡ್. ಕೋಮಲ ಗ ಇಲ್ಲದ ರಾಗದಲ್ಲಿ ಸ ಮತ್ತು ಕೋಮಲ ಗ ನಡುವಿನ ದೂರ ಅಡಗಿ ಕೂತಿದೆ. ರೆ ಇಂದ ಪ ಹಾರಿದರೆ ಅದು ಫೋರ್ತ್. ಇದು ತಿಳಿದ ದಿನ ನಾನು ಅಡುಗೆ ಮನೆಯಲ್ಲಿ ರೊಟ್ಟಿ ತಟ್ಟುತ್ತಾ ಗ-ಪ, ಗ-ಪ ಅಂತ ಹಾಡುತ್ತಿದ್ದೆ. ರೊಟ್ಟಿ ಕರಕಲಾಯಿತು. ಬೇಜಾರಾಗಲಿಲ್ಲ.

ಹೆಬ್ಬೆರಳಿನ ವಿಷಯ. ಸೆವೆಂತ್ (10, 11 ಸೆಮಿಟೋನ್) ಮತ್ತು ಆಕ್ಟೇವ್ ನುಡಿಸುವಾಗ ಅದರ ಎರಡೂ ಕೀಗಳನ್ನು ಒಂದೇ ಕೈಯಲ್ಲಿ ಒಟ್ಟಿಗೆ ಒತ್ತಿ ಹಿಡಿಯಿರಿ, 20 ಸಲ, ಕೈ ಎತ್ತಬೇಡಿ ಅಂತ ಸರ್ ಹೇಳಿದ್ದರು. ನನ್ನದು ಸಣ್ಣ ಕೈ. ಇಪ್ಪತ್ತೈದನೇ ದಿನದಿಂದ ಹೆಬ್ಬೆರಳ ಬುಡದಲ್ಲಿ ನೋವು. "ರೂಢಿ ಆಗುತ್ತೆ" ಅಂದರು. ರೂಢಿ ಆಗಲಿಲ್ಲ, ಚಪಾತಿ ಹಿಟ್ಟು ನಾದಲೂ ಆಗದ ಹಾಗಾಯಿತು. ಡಾಕ್ಟರು ಮೂರು ವಾರ ಕೈಗೆ ರೆಸ್ಟ್ ಅಂದರು. ಕಿವಿ ಕಲಿಯಲು ಕೈ ಹಿಗ್ಗಿಸುವ ಅಗತ್ಯವೇ ಇಲ್ಲ. ಆಕ್ಟೇವಿನ ಕೆಳಗಿನ ಸ್ವರ ಎಡಗೈಯಲ್ಲಿ, ಮೇಲಿನದು ಬಲಗೈಯಲ್ಲಿ ಒತ್ತಿದರೂ ಕಿವಿಗೆ ಕೇಳುವುದು ಅದೇ. ನೋವು ಬಂದರೆ ದಯವಿಟ್ಟು ಅಲ್ಲೇ ನಿಲ್ಲಿಸಿ, ಮಕ್ಕಳ ಕೈಯಾದರೆ ಇನ್ನೂ ಜಾಸ್ತಿ ಹುಷಾರಾಗಿರಿ.

ಡ್ರಿಲ್ ಅನ್ನುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಈಗಲೂ ದಿನಾ ಮಾಡುತ್ತೇನೆ, ಆದರೆ ಹದಿನೈದು ನಿಮಿಷ ಅಷ್ಟೇ. ಒಂದು ಸ್ಟೀಲ್ ಡಬ್ಬಿಯಲ್ಲಿ ಇಂಟರ್ವಲ್ ಬರೆದ 12 ಚೀಟಿ, ಇನ್ನೊಂದರಲ್ಲಿ ಶುರು ಮಾಡುವ ಕೀ ಬರೆದ 12 ಚೀಟಿ. ಮಗಳು ಎರಡರಿಂದಲೂ ಒಂದೊಂದು ತೆಗೆಯುತ್ತಾಳೆ, ಮೇಲೋ ಕೆಳಗೋ ಅವಳಿಷ್ಟ. ಅವಳು ಮೊದಲ ಸ್ವರ ಮಾತ್ರ ನುಡಿಸಿ ಇಂಟರ್ವಲ್ ಹೆಸರು ಹೇಳುತ್ತಾಳೆ. ಎರಡನೆಯದನ್ನು ನಾನು ಮೊದಲು ಹಾಡಬೇಕು, ಆಮೇಲೆ ಕೀ ಒತ್ತಿ ನೋಡಬೇಕು. ಹಾಡುವ ಮುಂಚೆ ಕೀ ಮುಟ್ಟಿದರೆ ಔಟ್. ಇಷ್ಟೇ ಬದಲಾವಣೆ, ಆದರೆ ಮೊದಲ ವಾರ ಬೆವರು ಬಂತು. ಹನ್ನೆರಡನ್ನೂ ಒಟ್ಟಿಗೆ ಹಾಕಿಕೊಳ್ಳಬೇಡಿ. ನಾವು ಮೊದಲು ಫಿಫ್ತ್, ಆಕ್ಟೇವ್ ಎರಡೇ ಇಟ್ಟುಕೊಂಡೆವು, ಆಮೇಲೆ ಫೋರ್ತ್, ಆಮೇಲೆ ಎರಡು ಥರ್ಡ್.

ಕ್ಲಾಸಿನಲ್ಲಿ ಇಂಟರ್ವಲ್ ನೆನಪಿಡಲು ಇಂಗ್ಲಿಷ್ ಹಾಡುಗಳ ಪಟ್ಟಿ ಕೊಟ್ಟಿದ್ದರು. ನಾನು ಅವುಗಳಲ್ಲಿ ಅರ್ಧ ಕೇಳಿಯೇ ಇಲ್ಲ. ಹಾಡು ನೆನಪಿಡಲು ಇನ್ನೊಂದು ಹಾಡು ಬೇಕಾಯಿತು. ಕಾಕಾ ಕೊಟ್ಟ ಉಪಾಯವೇ ಸುಲಭ. ತಂಬೂರಿಯ ಮೊದಲ ತಂತಿ ಸಾಮಾನ್ಯವಾಗಿ ಮಂದ್ರ ಪ, ಅಂದರೆ ಕೆಳಗಿನ ಪ, ಅದರ ನಂತರ ಸ. ಆ ಪ ಇಂದ ಸ ಫೋರ್ತ್. ಫೋನಿನಲ್ಲಿ ತಂಬೂರಿ ಹಾಕಿಕೊಂಡು ಹತ್ತು ನಿಮಿಷ ಕೂತರೆ ಫೋರ್ತ್ ತಾನಾಗಿ ಕಿವಿಗೆ ಇಳಿಯುತ್ತದೆ. ಅದೇ ಮಾತಿಗೆ ಅವರು ಇನ್ನೊಂದು ಹೇಳಿದರು. ಕೀಬೋರ್ಡಿನ ಶುದ್ಧ ಗ, ತಂಬೂರಿ ಜೊತೆ ಹಾಡುವ ಗ ಸ್ವರಕ್ಕಿಂತ ಚೂರು ಏರಿರುತ್ತದೆ. ಲೆಕ್ಕ ಹಾಕಿದರೆ ಕೀಬೋರ್ಡಿನ ಮೇಜರ್ ಥರ್ಡ್ 400 ಸೆಂಟ್ (ಒಂದು ಸೆಮಿಟೋನ್ ಅಂದರೆ 100 ಸೆಂಟ್), ಶುದ್ಧವಾದದ್ದು ಸುಮಾರು 386. ಫಿಫ್ತ್‌ನಲ್ಲಿ ವ್ಯತ್ಯಾಸ ಎರಡೇ ಸೆಂಟ್. ಕೀಬೋರ್ಡ್ ಕಲಿಯಲು ಇದರಿಂದ ತೊಂದರೆ ಇಲ್ಲ. ಹಾಡೂ ಕಲಿಯುವವರು ಗಮನದಲ್ಲಿಡಿ.

ದುಡ್ಡು ಕಟ್ಟುವ ಮುಂಚೆ ಒಂದು ದಿನ ಹೋಗಿ ಹಿಂದೆ ಕೂತು ನೋಡಿ. ಟೆಸ್ಟ್ ಹೇಗೆ ಮಾಡುತ್ತೀರಿ ಅಂತ ಕೇಳಿ. ಕರಿ ಕೀಯಿಂದ ಶುರು ಮಾಡಿಸುತ್ತೀರಾ, ಇಳಿಸುತ್ತೀರಾ, ಹಾಡಿಸುತ್ತೀರಾ ಅಂತ ಕೇಳಿ. "ಅದೆಲ್ಲ ಆಮೇಲೆ" ಅಂದರೆ ನೀವೂ ದುಡ್ಡು ಆಮೇಲೆ ಕೊಡುತ್ತೇನೆ ಅನ್ನಿ. ಇಷ್ಟು ದಿನದಲ್ಲಿ ಗ್ಯಾರಂಟಿ ಅನ್ನುವವರ ಹತ್ತಿರ ಹೋಗಲೇಬೇಡಿ.

ನಿನ್ನೆ ಚೀಟಿ ಆಟದಲ್ಲಿ 20ಕ್ಕೆ 13 ಬಂತು. ಎರಡು ಸಿಕ್ಸ್ತ್‌ಗಳು ಈಗಲೂ ಕಲಸಿ ಹೋಗುತ್ತವೆ. ಕಾಕಾ ಮುಂದಿನ ಸೋಮವಾರ ಬಾ ಅಂದಿದ್ದಾರೆ. ಹಾಡುವವರು ಕರಿ ಎರಡು ಬಿಟ್ಟು ಇಳಿಯುವುದಿಲ್ಲವಂತೆ.