ಹಳೇ ಡಾಸ್ ಮಷೀನ್ ಇಟ್ಟುಕೊಂಡವರೇ, ಪುಕ್ಕಟೆ ಡಿಸ್ಕ್ ಆಪ್ಟಿಮೈಸರ್ ಓಡಿಸಬೇಡಿ

ಹಳೇ 286, 386 ಪ್ರೊಸೆಸರ್‌ನ ಕಂಪ್ಯೂಟರುಗಳನ್ನು ರಿಪೇರಿ ಮಾಡಿ ಓಡಿಸುವ ಹುಚ್ಚು ನಿಮಗೂ ಇದ್ದರೆ ಇದನ್ನು ಓದಿ. ಡಾಸ್ (ವಿಂಡೋಸ್‌ಗೆ ಮುಂಚಿನ ಆಪರೇಟಿಂಗ್ ಸಿಸ್ಟಂ) ಕಾಲದ ಪುಕ್ಕಟೆ ಡಿಸ್ಕ್ ಆಪ್ಟಿಮೈಸರ್‌ಗಳು ಈಗಲೂ ಬೇಕಾದಷ್ಟು ಸಿಗುತ್ತವೆ. ಚೂರುಚೂರಾದ ಫೈಲುಗಳನ್ನು ಒಟ್ಟಿಗೆ ಜೋಡಿಸಿ ಮಷೀನನ್ನು ಚುರುಕು ಮಾಡುತ್ತವಂತೆ. ಅಂಥದ್ದೊಂದು ನಮ್ಮ ಚಿಕ್ಕಪ್ಪನ 286ರ ಡಿಸ್ಕನ್ನು ತಿಂದು ಹಾಕಿತು.

ಅದರಲ್ಲಿ ಶಿರಸಿಯ ಅಡಿಕೆ ವ್ಯಾಪಾರದ ಲೆಕ್ಕ ಡಿಬೇಸ್ ಅನ್ನೋ ಡೇಟಾಬೇಸ್ ಪ್ರೋಗ್ರಾಂನಲ್ಲಿತ್ತು, ಪತ್ರಗಳು ವರ್ಡ್‌ಸ್ಟಾರ್ ಅನ್ನೋ ವರ್ಡ್ ಪ್ರೊಸೆಸರ್‌ನಲ್ಲಿ. 40 ಎಂಬಿ ಡಿಸ್ಕ್, ಡಾಸ್ 5, ಇಡೀ ಡಿಸ್ಕಿಗೆ ಒಂದೇ ಸಿ ಡ್ರೈವ್. ಓಡಿಸಿದ ಆಪ್ಟಿಮೈಸರ್ 1987ರದ್ದು. ಪರದೆ ಮೇಲೆ ಚೌಕಗಳು ಒಂದೊಂದಾಗಿ ಸರಿದು ಸಾಲಿಗೆ ಬಂದು ಕೂರುವುದನ್ನು ನೋಡೋಕೆ ಚೆನ್ನಾಗೇ ಇತ್ತು. ಒಂದೇ ಒಂದು ಎರರ್ ಇಲ್ಲದೆ ಕೆಲಸ ಮುಗಿಯಿತು ಅಂತ ತೋರಿಸಿತು. ಆಮೇಲೆ ಫೈಲುಗಳ ಪಟ್ಟಿ ನೋಡಲು ಡಿಐಆರ್ ಹೊಡೆದರೆ ಫೈಲ್ ಹೆಸರಿನ ಜಾಗದಲ್ಲಿ ನಗುಮುಖ, ಹೃದಯದ ಚಿಹ್ನೆ, ಅರ್ಧಂಬರ್ಧ ಅಕ್ಷರ! 40 ಎಂಬಿ ಡಿಸ್ಕಿನಲ್ಲಿ ಒಂದೊಂದು ಫೈಲಿನ ಸೈಜ್ ನೂರಾರು ಎಂಬಿ. ಆಫ್ ಮಾಡಿ ಆನ್ ಮಾಡಿದರೆ ಬೂಟ್ ಕೂಡ ಆಗಲಿಲ್ಲ. "ಇಷ್ಟು ವರ್ಷ ನಿಧಾನಕ್ಕೇ ಓಡ್ತಿತ್ತಲ್ಲೋ" ಅಂದರು ಚಿಕ್ಕಪ್ಪ.

ಆಗಿದ್ದು ಇಷ್ಟು. ಡಾಸ್ 3.3ರವರೆಗೆ ಒಂದು ಡ್ರೈವ್ 32 ಎಂಬಿ ದಾಟುವಂತಿರಲಿಲ್ಲ. ಡಿಸ್ಕಿನ 512 ಬೈಟಿನ ತುಂಡುಗಳನ್ನು, ಅಂದರೆ ಸೆಕ್ಟರ್‌ಗಳನ್ನು, 16 ಬಿಟ್‌ನಲ್ಲಿ ಎಣಿಸಿದರೆ 65,536ಕ್ಕೆ ಲೆಕ್ಕ ಮುಗಿಯಿತು, ಅಲ್ಲಿಗೆ ಸರಿಯಾಗಿ 32 ಎಂಬಿ. 1988ರ ಡಾಸ್ 4 ಬಂದ ಮೇಲೆ ಡ್ರೈವ್ ದೊಡ್ಡದಾಯಿತು. ಹಳೇ ಪ್ರೋಗ್ರಾಂಗೆ ಅದು ಗೊತ್ತಿಲ್ಲ. ಇದು ಡಾಸನ್ನು ಕೇಳದೆ ಬಯಾಸ್ (ಮದರ್‌ಬೋರ್ಡ್‌ನ ಚಿಪ್‌ನಲ್ಲಿರುವ ಪ್ರೋಗ್ರಾಂ) ಮೂಲಕ ನೇರವಾಗಿ ಬರೆಯುವಂಥದ್ದು ಬೇರೆ. ಗಡಿ ದಾಟುತ್ತಿದ್ದಂತೆ ಎಣಿಕೆ ಸೊನ್ನೆಗೆ ಮರಳಿದೆ, ಡಿಸ್ಕಿನ ಕೊನೆಗೆ ಹೋಗಬೇಕಾದ ಡೇಟಾ ಮೊದಲಿಗೆ ಬಂದು ಬಿದ್ದಿದೆ. ಮಷೀನ್ ಶುರುವಾಗಲು ಬೇಕಾದ ಬೂಟ್ ಸೆಕ್ಟರ್, ಯಾವ ಫೈಲು ಡಿಸ್ಕಿನ ಎಲ್ಲೆಲ್ಲಿದೆ ಅಂತ ಹೇಳುವ ಫ್ಯಾಟ್, ಫೈಲ್ ಹೆಸರುಗಳ ಪಟ್ಟಿಯಾದ ರೂಟ್ ಡೈರೆಕ್ಟರಿ ಎಲ್ಲಾ ಇರುವುದು ಅಲ್ಲೇ. ಫ್ಯಾಟ್‌ನ ಎರಡನೇ ಪ್ರತಿಯೂ ಪಕ್ಕದಲ್ಲೇ ಇರುತ್ತದೆ, ಹಾಗಾಗಿ ಅದೂ ಹೋಯಿತು.

ಡ್ರೈವ್ 32 ಎಂಬಿ ಒಳಗಿದ್ದರೂ ನಿಶ್ಚಿಂತೆ ಅಲ್ಲ. ಆ ಕಾಲದ ಕೆಲವು ಸಾಫ್ಟ್‌ವೇರ್‌ಗಳು ಕಾಪಿ ತಡೆಯಲು ಗುಪ್ತ ಫೈಲನ್ನು ಗೊತ್ತಾದ ಜಾಗದಲ್ಲಿ ಇಡುತ್ತಿದ್ದವು. ಅದು ಸರಿದರೆ ಸಾಫ್ಟ್‌ವೇರ್ ತೆರೆಯುವುದೇ ಇಲ್ಲ. ಮಧ್ಯೆ ಕರೆಂಟ್ ಹೋದರಂತೂ ಮುಗಿಯಿತು.

ನಿಜ ಹೇಳಬೇಕೆಂದರೆ ಆಪ್ಟಿಮೈಸರ್ ಬೇಕಾಗಿಯೇ ಇಲ್ಲ. ಫೈಲುಗಳನ್ನೆಲ್ಲ ಬೇರೆ ಡಿಸ್ಕಿಗೆ ಕಾಪಿ ಮಾಡಿ, ತೆರೆದು ನೋಡಿ, ಆಮೇಲೆ ಫಾರ್ಮ್ಯಾಟ್ ಮಾಡಿ ವಾಪಸ್ ಹಾಕಿ. ಖಾಲಿ ಡಿಸ್ಕಿನಲ್ಲಿ ಅವು ತಾವಾಗೇ ಸಾಲಾಗಿ ಕೂರುತ್ತವೆ. ಹಟ ಇದ್ದರೆ 1993ರ ಎಂಎಸ್-ಡಾಸ್ 6ರ ಜೊತೆ ಬಂದ ಡಿಫ್ರಾಗ್ ಇದೆ, ಅದಕ್ಕೆ ದೊಡ್ಡ ಡ್ರೈವ್ ಗೊತ್ತು. ಆದರೂ ಮೊದಲು ಇಡೀ ಡಿಸ್ಕಿನ ಇಮೇಜ್, ಅಂದರೆ ಸೆಕ್ಟರ್ ಸೆಕ್ಟರ್ ಆಗಿ ಪೂರ್ತಿ ಪ್ರತಿ, ತೆಗೆದಿಡಿ.

ಈಗಾಗಲೇ ಡಿಸ್ಕ್ ಕೆಟ್ಟಿದ್ದರೆ ಡಿಸ್ಕ್ ರಿಪೇರಿ ಮಾಡುವ ಸಿಎಚ್‌ಕೆಡಿಎಸ್‌ಕೆ /ಎಫ್ ಕಮ್ಯಾಂಡ್ ಹೊಡೆಯಬೇಡಿ, ಅದು ಹಾಳಾದ ಫ್ಯಾಟ್ ನಂಬಿಕೊಂಡು ಇನ್ನಷ್ಟು ಬರೆಯುತ್ತದೆ. ಇಮೇಜ್ ತೆಗೆದು, ಬೈಟುಗಳನ್ನು ಇದ್ದ ಹಾಗೇ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ಹುಡುಕಿ. ಡಿಬೇಸ್ ಸಾಲುಗಳೆಲ್ಲ ಒಂದೇ ಉದ್ದ, ಒಳಗಿರುವುದು ಸಾದಾ ಅಕ್ಷರ. ಹಾಗಾಗಿ ಚಾಲಿ, ರಾಶಿ ಅಂತ ಅಡಿಕೆಯ ಬಗೆಗಳ ಹೆಸರು ಹುಡುಕಿದ್ದಕ್ಕೆ ನಮಗೆ ಲೆಕ್ಕದ ಒಂದಷ್ಟು ಭಾಗ ಸಿಕ್ಕಿತು. ಪತ್ರಗಳು ಪೂರ್ತಿಯಾಗಿ ಒಂದೂ ಸಿಗಲಿಲ್ಲ.