ಒಂದು ಹಳೇ ಟ್ರಾವೆಲರ್, ಮೂರು ಇಂಜಿನ್

ನಮ್ಮ ಗಾಡಿ 1999ರ ಟೆಂಪೋ ಟ್ರಾವೆಲರ್. ಸೀಟೆಲ್ಲ ಕಿತ್ತು ಎರಡು ಮಂಚ, ಒಂದು ಗ್ಯಾಸ್ ಒಲೆ, ಒಂದು ನೀರಿನ ಟ್ಯಾಂಕ್ ಕೂರಿಸಿದ್ದೇವೆ. ಹಾಸನದಲ್ಲಿ ಮನೆ, ರಜೆ ಬಂದರೆ ಘಾಟಿ. ಮೂರು ವರ್ಷದ ಕೆಳಗೆ ಶಿರಾಡಿ ಹತ್ತುವಾಗ ರೇಡಿಯೇಟರ್ ಪೈಪ್ ಒಡೆಯಿತು. ಮಾರನಹಳ್ಳಿ ಹತ್ತಿರ ಬರೋ ಹೊತ್ತಿಗೆ ಟೆಂಪರೇಚರ್ ಮುಳ್ಳು ಮೇಲೆ ಹೋಗಿ ಕೂತಿತ್ತು. ನಾನು ನೋಡಿದ್ದು ತಡವಾಗಿ. ಆಮೇಲೆ ಗಾಡಿ ಸ್ಟಾರ್ಟ್ ಏನೋ ಆಗುತ್ತಿತ್ತು. ಆದರೆ ಇಂಜಿನ್ ಓಡುವಾಗ ಆಯಿಲ್ ಮುಚ್ಚಳ ತಿರುಗಿಸಿ ತೂತಿನ ಮೇಲೆ ಸುಮ್ನೆ ಇಟ್ಟರೆ, ಇಡ್ಲಿ ಪಾತ್ರೆ ಮುಚ್ಚಳದ ಹಾಗೆ ಕುಣಿಯುತ್ತಿತ್ತು. ಪಿಸ್ಟನ್ ಪಕ್ಕದಿಂದ ಗಾಳಿ ಕೆಳಗೆ ನುಗ್ಗುತ್ತಿದೆ ಅಂತ ಅರ್ಥ.

ಈ ಗಾಡಿಯ ಇಂಜಿನ್ನನ್ನು ನಮ್ಮ ಕಡೆ ಮೆಕ್ಯಾನಿಕ್‌ಗಳು ಬೆಂಜ್ ಇಂಜಿನ್ ಅಂತಲೇ ಕರೆಯುತ್ತಾರೆ. ಸುಳ್ಳೇನಲ್ಲ. ಇದು ಮರ್ಸಿಡಿಸ್‌ನ ಓಎಂ 616, 2.4 ಲೀಟರ್, ನಾಲ್ಕು ಸಿಲಿಂಡರ್, ಟರ್ಬೋ ಇಲ್ಲ. 1973ರಲ್ಲಿ ಮರ್ಸಿಡಿಸ್ 240ಡಿ ಕಾರಿಗೆ ಬಂದ ಇಂಜಿನ್ನೇ ಆಮೇಲೆ ಇಲ್ಲಿ ಬಜಾಜ್ ಟೆಂಪೋದ ಗಾಡಿಗಳಿಗೂ ಬಂತು. ಅದಕ್ಕೇ ಇವತ್ತಿಗೂ ಪಿಸ್ಟನ್, ಬೇರಿಂಗ್ ಸಿಗುತ್ತವೆ. ಇಂಜಿನ್ ಹೋಯಿತು ಅಂದರೆ ಗಾಡಿ ಹೋಯಿತು ಅಂತಲ್ಲ.

ನನ್ನ ಮುಂದೆ ಮೂರು ದಾರಿ ಇತ್ತು: ಗುಜರಿಯಿಂದ ಓಡುವ ಇಂಜಿನ್ ತರೋದು, ಹಳೇದು ಕೊಟ್ಟು ರೆಡಿ ಮಾಡಿಟ್ಟ ಎಕ್ಸ್‌ಚೇಂಜ್ ಇಂಜಿನ್ ತಗೊಳ್ಳೋದು, ನಮ್ಮದನ್ನೇ ಬೋರಿಂಗ್ ಮಾಡಿಸೋದು, ಅಂದರೆ ಸವೆದ ಸಿಲಿಂಡರ್ ಕೊರೆಸಿ ದೊಡ್ಡ ಪಿಸ್ಟನ್ ಹಾಕಿಸೋದು. ಮೊದಲನೆಯದನ್ನೂ ಮೂರನೆಯದನ್ನೂ ನಮ್ಮ ಗಾಡಿಯಲ್ಲೇ ಓಡಿಸಿದ್ದೇನೆ. ಎರಡನೆಯದು ಚಿಕ್ಕಮಗಳೂರಲ್ಲಿರುವ ಭಾವನ ಗಾಡಿಯಲ್ಲಿದೆ. ಅದೂ ಟ್ರಾವೆಲರ್, ಅದನ್ನೂ ಸಾವಿರದೈನೂರು ಕಿಲೋಮೀಟರ್ ಓಡಿಸಿದ್ದೇನೆ. ಮೂರನ್ನೂ ಒಂದೇ ದಾರಿಯಲ್ಲಿ ನೋಡಿದ್ದು: ಚಾರ್ಮಾಡಿ ಊರಿಂದ ಕೊಟ್ಟಿಗೆಹಾರದವರೆಗಿನ ಏರು, ಟ್ಯಾಂಕ್ ತುಂಬ ನೀರು, ಒಳಗೆ ನಾಲ್ಕು ಜನ.

ಗುಜರಿ ಇಂಜಿನ್ ತಂದಿದ್ದು ಅವಸರಕ್ಕೆ. 48 ಸಾವಿರ. ಅಂಗಳದಲ್ಲೇ ಬ್ಯಾಟರಿ ಕೊಟ್ಟು ಸ್ಟಾರ್ಟ್ ಮಾಡಿ ತೋರಿಸಿದರು. ಏನು ಸದ್ದು, ಏನು ಕತೆ! ನಾನು ಖುಷಿಯಾಗಿ ದುಡ್ಡು ಎಣಿಸಿದೆ. ಅದು ಆಗಲೇ ಬಿಸಿಯಾಗಿತ್ತು, ಅಂದರೆ ನಾನು ಬರೋ ಮುಂಚೆ ಯಾರೋ ಓಡಿಸಿ ಇಟ್ಟಿದ್ದರು ಅನ್ನೋದು ಹೊಳೆದಿದ್ದು ಮನೆಗೆ ಬಂದ ಮೇಲೆ. ಮೂರೇ ದಿನದಲ್ಲಿ ಗಾಡಿ ರಸ್ತೆಗೆ ಬಂತು, ಅದೊಂದು ನಿಜ. ಫಿಟ್ಟಿಂಗ್‌ಗೆ 14 ಸಾವಿರ, ಡೀಸೆಲ್ ಪಂಪು ಮತ್ತು ನೋಝಲ್ ಕೆಲಸಕ್ಕೆ 18 ಸಾವಿರ ಸೇರಿ 80 ಸಾವಿರ ಆಯಿತು. ಸಕಲೇಶಪುರದ ಕಡೆ ಒಂದು ಎಸ್ಟೇಟಿನಲ್ಲಿ ರಾತ್ರಿ ಗಾಡಿ ನಿಲ್ಲಿಸಿದರೆ ಬೆಳಿಗ್ಗೆ ಹೀಟರ್ ಪ್ಲಗ್ ಮೂರು ಸಲ ಕಾಯಿಸಬೇಕಿತ್ತು. ಸ್ಟಾರ್ಟ್ ಆದ ಮೇಲೂ ಎರಡು ನಿಮಿಷ ಕುಂಟುತ್ತಿತ್ತು. 600 ಕಿಲೋಮೀಟರ್‌ಗೆ ಒಂದು ಲೀಟರ್ ಆಯಿಲ್ ಕುಡಿಯುತ್ತಿತ್ತು. ಚಾರ್ಮಾಡಿ ಏರಿನಲ್ಲಿ ಎರಡನೇ ಗೇರಿನಿಂದ ಮೇಲೆ ಹಾಕುವ ಹಾಗೇ ಇರಲಿಲ್ಲ.

ಕೊನೆಗೆ ಕಂಪ್ರೆಷನ್ ನೋಡಿಸಿದೆ, ಅಂದರೆ ಪಿಸ್ಟನ್ ಮೇಲೆ ಬಂದಾಗ ಸಿಲಿಂಡರಿನೊಳಗೆ ಗಾಳಿಯ ಒತ್ತಡ ಎಷ್ಟು ಅಂತ. ಉಳಿದ ಮೂರು ಸಿಲಿಂಡರ್ 19, 20 ಬಾರ್ ಹತ್ತಿರ, ಮೂರನೇ ನಂಬರಿನದು ಮಾತ್ರ 14 ಬಾರ್. ಈ ಇಂಜಿನ್ನಿನಲ್ಲಿ ಒಂದಕ್ಕೂ ಇನ್ನೊಂದಕ್ಕೂ 3 ಬಾರ್‌ಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಹೆಡ್ ಬಿಚ್ಚಿದಾಗ ಕಾರಣ ಕಣ್ಣಿಗೇ ಕಂಡಿತು. ಮೂರನೇ ಸಿಲಿಂಡರ್ ಗೋಡೆಯ ಮೇಲೆ ಬೆರಳಗಲದ ಒಂದು ಕಂದು ಪಟ್ಟಿ. ಉಗುರಿಟ್ಟು ಎಳೆದರೆ ಸಣ್ಣ ಸಣ್ಣ ಗುಂಡಿ ತಾಗುತ್ತಿತ್ತು. ಇಂಜಿನ್ ಎಲ್ಲೋ ಮಳೆಯಲ್ಲಿ ತಿಂಗಳುಗಟ್ಟಲೆ ಬಿದ್ದಿದೆ. ಯಾವ ಸಿಲಿಂಡರಿನ ವಾಲ್ವ್ ತೆರೆದುಕೊಂಡು ನಿಂತಿತ್ತೋ ಅದರೊಳಗೆ ತೇವ ಇಳಿದು, ಪಿಸ್ಟನ್ ನಿಂತ ಜಾಗದ ಮೇಲೆ ತುಕ್ಕು ಹಿಡಿದಿದೆ. ಮಲೆನಾಡಿನ ಮಳೆಗಾಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಅಷ್ಟು ಹೊತ್ತಿಗೆ ಓಡಿದ್ದು ನಾಲ್ಕು ಸಾವಿರ ಕಿಲೋಮೀಟರ್.

ಇನ್ನೊಂದು ತಲೆನೋವು ಕಾಗದದ್ದು. ಆರ್‌ಸಿಯಲ್ಲಿ ಇಂಜಿನ್ ನಂಬರ್ ಇರುತ್ತದೆ. ಬೇರೆ ಇಂಜಿನ್ ಕೂರಿಸಿದರೆ ಆರ್‌ಟಿಒದಲ್ಲಿ ಬದಲಾಯಿಸಬೇಕು, ಇನ್ಶೂರೆನ್ಸಿಗೂ ತಿಳಿಸಬೇಕು. ಗಾಡಿಯಲ್ಲಿ ಮಾಡುವ ಬದಲಾವಣೆಗಳ ಬಗ್ಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನೇ ಇದೆ. ಆ ಇಂಜಿನ್ ಯಾವ ಗಾಡಿಯದು ಅನ್ನುವ ಪತ್ರ ಕೊಡಿ ಅಂದರೆ ಗುಜರಿಯವರು ಕೈಬರಹದ ಒಂದು ಬಿಲ್ಲು ಕೊಟ್ಟರು. ಗಾಡಿ ನಂಬರ್ ಕೇಳಿದಾಗ ಮಾತು ಬದಲಾಯಿಸಿದರು. ಕದ್ದ ಗಾಡಿಯದ್ದಾಗಿದ್ದರೆ? ಆ ಯೋಚನೆಯಲ್ಲಿ ನನಗೆ ಎಷ್ಟೋ ರಾತ್ರಿ ನಿದ್ದೆ ಬಂದಿಲ್ಲ.

ಭಾವನ ಎಕ್ಸ್‌ಚೇಂಜ್ ಇಂಜಿನ್‌ನಲ್ಲಿ ಈ ರಗಳೆ ಕಡಿಮೆ. ನಂಬರ್ ಬದಲಾದರೂ ಬಿಲ್ಲು ಸರಿಯಾಗಿತ್ತು, ಆರು ತಿಂಗಳ ವಾರಂಟಿಯೂ ಇತ್ತು. ಐದು ದಿನದ ಕೆಲಸ. 1 ಲಕ್ಷ 65 ಸಾವಿರ, ಫಿಟ್ಟಿಂಗ್ ಬೇರೆ. ಓಡಿಸಲು ತುಂಬ ಚೆನ್ನಾಗಿದೆ. ಒಂದೇ ತಿರುವಿಗೆ ಸ್ಟಾರ್ಟ್, ನಾಲ್ಕೂ ಸಿಲಿಂಡರ್ 22 ಬಾರ್, ಚಾರ್ಮಾಡಿಯಲ್ಲಿ ತಿರುವು ಬಿಟ್ಟರೆ ಉಳಿದ ಕಡೆ ಮೂರನೇ ಗೇರು. ರಸ್ತೆಯಲ್ಲಿ ಮಾತ್ರ ನೋಡಿದರೆ ಇದಕ್ಕೇ ಮೊದಲ ಸ್ಥಾನ.

ಆದರೆ ಎಂಟನೇ ತಿಂಗಳಿಗೆ ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ದಂಡದ ಹಿಂದಿನ ಸೀಲಿನಿಂದ ಆಯಿಲ್ ಸೋರತೊಡಗಿತು. ವಾರಂಟಿ ಆಗಲೇ ಮುಗಿದಿತ್ತು! ಆಯಿಲ್ ಚೇಂಬರ್ ಇಳಿಸಿದ್ದೇ ಒಳ್ಳೇದಾಯಿತು. ಒಂದು ಬೇರಿಂಗ್ ಬಿಚ್ಚಿ ಬೆನ್ನು ತಿರುಗಿಸಿ ನೋಡಿದರೆ 0.75 ಅಂತ ಮುದ್ರೆ. ಅಂದರೆ ಸವೆದಾಗ ಕಾಲು ಕಾಲು ಮಿ.ಮೀ. ಲೆಕ್ಕದಲ್ಲಿ ಉಜ್ಜಿಸಿ ಆ ಕ್ರ್ಯಾಂಕ್ ಆಗಲೇ ಮೂರು ಹಂತ ಸಣ್ಣದಾಗಿದೆ. ಮುಂದಿನ ಸಲ ಉಜ್ಜಿಸಲು ಹೆಚ್ಚೇನೂ ಉಳಿದಿಲ್ಲ. ಭಾವ ಕೊಟ್ಟ ಅವರ ಸ್ವಂತ ಇಂಜಿನ್ನಿನ ಕ್ರ್ಯಾಂಕ್‌ಗೆ ಉಜ್ಜುವ ಕಲ್ಲೇ ತಾಗಿರಲಿಲ್ಲ. ಅದೀಗ ಯಾರ ಗಾಡಿಯಲ್ಲಿದೆಯೋ. ಎಕ್ಸ್‌ಚೇಂಜ್ ತಗೊಳ್ಳುವವರು ಬಣ್ಣ ನೋಡಬೇಡಿ, ಬೋರ್ ಎಷ್ಟನೇ ಸೈಜು, ಕ್ರ್ಯಾಂಕ್ ಎಷ್ಟನೇ ಸೈಜು ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಎದ್ದು ಬನ್ನಿ.

ನಮ್ಮ ಹಳೇ ಇಂಜಿನ್ ಅಷ್ಟು ದಿನ ಹಿತ್ತಲಲ್ಲಿ ಟಾರ್ಪಾಲಿನ ಕೆಳಗಿತ್ತು. ಗುಜರಿಯವರು 12 ಸಾವಿರಕ್ಕೆ ಕೇಳಿದ್ದರು. ನಾನು ಕೊಟ್ಟೇಬಿಡುತ್ತಿದ್ದೆ. ಮೆಕ್ಯಾನಿಕ್ಕೇ ಬೈದು ಉಳಿಸಿದ. ಅದನ್ನು ಬಿ.ಎಂ. ರಸ್ತೆ ಕಡೆಯ ಒಂದು ಲೇತ್ ಅಂಗಡಿಗೆ ಹಾಕಿದೆವು. ಅಲ್ಲಿನ ವಯಸ್ಸಾದ ಕೆಲಸಗಾರ ಬೋರ್ ಗೇಜನ್ನು ಸಿಲಿಂಡರಿನೊಳಗೆ ಇಳಿಸಿ ನಿಧಾನಕ್ಕೆ ಮೇಲೆಳೆದ. ಕೆಳಗೆ ಮುಳ್ಳು ಅಲ್ಲಾಡಲಿಲ್ಲ. ಮೇಲೆ, ಪಿಸ್ಟನ್ ರಿಂಗು ಬಂದು ವಾಪಸ್ ತಿರುಗುವ ಜಾಗದಲ್ಲಿ, ಸರಕ್ಕನೆ ಓಡಿತು. 'ಹನ್ನೆರಡು ಥೌ ತಿಂದಿದೆ ನೋಡಿ' ಅಂದ. ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ. ಅಂಚಿನಲ್ಲಿ ಬೆರಳಿಗೆ ಒಂದು ಮೆಟ್ಟಿಲೇ ಸಿಗುತ್ತಿತ್ತು. 20 ಥೌ ದೊಡ್ಡ ಪಿಸ್ಟನ್ ಹಾಕುವುದೆಂದಾಯಿತು. ಕ್ರ್ಯಾಂಕ್‌ಗೆ 10 ಥೌ ಸಾಕಾಯಿತು, ಮುಂದಕ್ಕೂ ಉಳಿದಿದೆ. ಬಿಸಿ ತಿಂದ ಹೆಡ್ಡಿಗೆ ಪ್ರೆಷರ್ ಟೆಸ್ಟ್ ಮಾಡಿಸಿದೆವು. ವಾಲ್ವ್‌ಗಳ ನಡುವೆ ಬಿರುಕು ಇದ್ದಿದ್ದರೆ ಬೇರೆ ಹೆಡ್ ಹುಡುಕಬೇಕಿತ್ತು, ಲೆಕ್ಕವೆಲ್ಲ ತಲೆಕೆಳಗಾಗುತ್ತಿತ್ತು. ಪುಣ್ಯಕ್ಕೆ ಇರಲಿಲ್ಲ. ಟೈಮಿಂಗ್ ಚೈನ್ ಕೂಡ ಹೊಸದು ಹಾಕಿಸಿದೆ.

ಹದಿನೈದು ದಿನ ಅಂದಿದ್ದರು. ಆಗಿದ್ದು 38 ದಿನ. ಬೆಂಗಳೂರಿಂದ ಬಂದ ಪಿಸ್ಟನ್ ಸೆಟ್ ಸೈಜು ತಪ್ಪಿತ್ತು. ಅದು ವಾಪಸ್ ಹೋಗಿ ಬರುವಷ್ಟರಲ್ಲಿ ಹಾಸನಾಂಬ ಬಾಗಿಲು ತೆಗೆದಿತ್ತು. ಊರಲ್ಲಿ ಕಾಲಿಡಲು ಜಾಗವಿಲ್ಲ, ಅಂಗಡಿಯಲ್ಲಿ ಜನವಿಲ್ಲ. ಆ ದೀಪಾವಳಿ ರಜೆ ಹಾಗೇ ಹೋಯಿತು. ಮನೆಯಲ್ಲಿ ಅದನ್ನು ಇನ್ನೂ ಮರೆತಿಲ್ಲ.

ಒಟ್ಟು ಖರ್ಚು 92 ಸಾವಿರ. ಗುಜರಿ ಇಂಜಿನ್ನಿಗಿಂತ 12 ಸಾವಿರ ಜಾಸ್ತಿ, ಅಷ್ಟೇ. ಮೊದಲ ಸಾವಿರ ಕಿಲೋಮೀಟರ್ 50ರ ಮೇಲೆ ಓಡಿಸಲಿಲ್ಲ. 500ಕ್ಕೆ ಆಯಿಲ್ ಬದಲಾಯಿಸಿ, ಹೆಡ್ ಬೋಲ್ಟ್ ಮತ್ತೆ ಬಿಗಿ ನೋಡಿಸಿದೆ. ಈಗ 11 ಸಾವಿರ ಓಡಿದೆ. ಕಂಪ್ರೆಷನ್ 22, 23. ಆಯಿಲ್ ಕಡ್ಡಿಯಲ್ಲಿ ಇಳಿದದ್ದು ಕಾಣುವುದೇ ಇಲ್ಲ. ಗುಜರಿ ಇಂಜಿನ್‌ನಲ್ಲಿ ಲೀಟರಿಗೆ ಒಂಬತ್ತು ಬರುತ್ತಿದ್ದದ್ದು ಈಗ ಹನ್ನೊಂದರ ಹತ್ತಿರ. ಏರಿನಲ್ಲಿ ಭಾವನ ಗಾಡಿಗಿಂತ ಒಂದು ಕೂದಲು ಹಿಂದೆ ಇರಬಹುದು. ಆರ್‌ಸಿಯಲ್ಲಿ ಅದೇ ಹಳೇ ನಂಬರ್.

ಬ್ಲಾಕ್ ಒಡೆದಿದ್ದರೆ, ಇಲ್ಲವೇ ಗಾಡಿಯೇ ಹೊಟ್ಟೆಪಾಡಾಗಿ ಒಂದು ವಾರವೂ ನಿಲ್ಲಿಸಲಾಗದಿದ್ದರೆ, ನಾನೂ ಭಾವನ ದಾರಿಯನ್ನೇ ಹಿಡಿಯುತ್ತಿದ್ದೆ. ನಮ್ಮದು ವರ್ಷದಲ್ಲಿ ಎಂಟು ತಿಂಗಳು ಶೆಡ್ಡಿನಲ್ಲೇ ನಿಲ್ಲುವ ಗಾಡಿ. 38 ದಿನ ಯಾವ ಲೆಕ್ಕ?

ಗುಜರಿ ಇಂಜಿನ್ನಿಗೆ ದುಡ್ಡು ಕೊಟ್ಟು ರಿಪೇರಿ ಮಾಡಿಸಿದ್ದ ಪಂಪನ್ನು ಮಾತ್ರ ಬಿಚ್ಚಿ ಇಟ್ಟುಕೊಂಡೆ. ಉಳಿದದ್ದನ್ನು ಹೋದ ತಿಂಗಳು ಕೆ.ಜಿ. ಲೆಕ್ಕದಲ್ಲಿ ಕೊಟ್ಟೆ. 160 ಕೆ.ಜಿ. ತೂಗಿತು, 4,800 ರೂಪಾಯಿ ಬಂತು.