ಫಾಲ್, ಪಿಕೋ, ಕುಚ್ಚು: ಬಡಾವಣೆಯ ಒಂದು ಹೊಲಿಗೆ ಅಂಗಡಿಯ ಕೆಲಸ

ಈ ಅಂಗಡಿಯವರು ರೇಷ್ಮೆ ಸೀರೆಗೆ ಹಾಕಿದ ಕುಚ್ಚು ಸೊಗಸಾಗಿದೆ, ಫಾಲ್ (ಕೆಳ ಅಂಚಿನ ಒಳಬದಿಗೆ ಹೊಲಿಯುವ ಪಟ್ಟಿ) ಮಾತ್ರ ಕೈಕೊಟ್ಟಿದೆ.

ಅಂಚನ್ನು ಬೆರಳಲ್ಲಿ ಸವರಿದರೆ ಫಾಲ್ ಇನ್ನೂ ಗಂಜಿಯಿಂದ ಬಿರುಸಾಗಿದೆ. ಅಂದರೆ ನೆನೆಸದೆ ಹೊಲಿದಿದ್ದಾರೆ. ಹತ್ತಿಯ ಫಾಲ್ ನೀರು ಕಂಡ ಕೂಡಲೇ ಕುಗ್ಗುತ್ತದೆ, ಸೀರೆ ಅಷ್ಟು ಕುಗ್ಗುವುದಿಲ್ಲ. ಆಗ ಅಂಚು ಸುಕ್ಕುಗಟ್ಟಿ ನೆರಿಗೆ ಕೂರುವುದೇ ಇಲ್ಲ. ರಾತ್ರಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಹೊಲಿದಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲ. ಫಾಲ್‌ನ ಮೇಲಂಚಿನ ಹೆಮ್ಮಿಂಗ್ ಕೈಯದೇ, ಸರಿ. ಆದರೆ ಹೊಲಿಗೆಗಳ ನಡುವೆ ಒಂದಿಂಚು ಅಂತರ! ಕಾಲು ಇಂಚಿಗೊಂದು ಇರಬೇಕು, ಇಲ್ಲದಿದ್ದರೆ ಕಾಲುಂಗುರ ಸಿಕ್ಕಿ ಕಿತ್ತುಬರುತ್ತದೆ. ದಾರದ ಬಣ್ಣವೂ ಒಂದು ಛಾಯೆ ತಿಳಿ, ಸೀರೆಯ ಹೊರಬದಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ.

ಪಿಕೋ, ಅಂದರೆ ತುದಿಯ ಎಳೆ ಬಿಚ್ಚದಂತೆ ಹಾಕುವ ಯಂತ್ರದ ಹೊಲಿಗೆ, ಪರವಾಗಿಲ್ಲ, ಎಳೆ ಎದ್ದಿಲ್ಲ.

ಸೆರಗಿನ ಕುಚ್ಚಿಗೆ ಬಂದರೆ ಕೈ ಪಳಗಿದ್ದು ಗೊತ್ತಾಗುತ್ತದೆ. ಗಂಟುಗಳೆಲ್ಲ ಒಂದೇ ಸಾಲಿನಲ್ಲಿ, ಸೆರಗಿಗೆ ಒತ್ತಿಕೊಂಡೇ ಇವೆ, ಎಳೆದರೂ ಜಾರಲಿಲ್ಲ. ಒದ್ದೆ ಬಿಳಿ ಬಟ್ಟೆ ಒತ್ತಿದಾಗ ದಾರ ಬಣ್ಣ ಬಿಡಲಿಲ್ಲ. ಮಣಿ ಕುಚ್ಚು ಕೇಳುವವರು ಸಣ್ಣ ಮಣಿಯನ್ನೇ ಆರಿಸಿ, ಭಾರದ ಮಣಿ ತೆಳು ಸೆರಗನ್ನು ಜಗ್ಗುತ್ತದೆ.

ಕುಚ್ಚಿಗೆ ಧಾರಾಳವಾಗಿ ಕೊಡಬಹುದು. ಫಾಲ್ ಬಟ್ಟೆಯನ್ನು ಮಾತ್ರ ಮನೆಯಲ್ಲೇ ನೆನೆಸಿ ಒಣಗಿಸಿ ಒಯ್ಯಿರಿ.